ಕೆಂಪಕ್ಕನ ಹುರಿ, ನನ್ನ ಕಂಪ್ಯೂಟರ್

ಸುಳ್ಳು ಹೇಳುವವರಲ್ಲಿ ಎರಡು ಬಗೆ. ಬಾಯಲ್ಲಿ ಹೇಳಿ ಮರೆತುಬಿಡುವವರು ಒಂದು ಬಗೆ. ಚೌಕಟ್ಟು ಹಾಕಿ, ಪ್ರಿಂಟ್ ತೆಗೆದು, ಕೆಳಗೆ ಸಹಿ ಮಾಡುವವರು ಇನ್ನೊಂದು. ನಾನು ಎರಡನೆಯ ಬಗೆಯವನೆಂದು ನನಗೇ ಗೊತ್ತಾದದ್ದು ಮೂವತ್ತೆಂಟನೆಯ ವಯಸ್ಸಿನಲ್ಲಿ, ಅರಸೀಕೆರೆಯಿಂದ ಕಣಕಟ್ಟೆಗೆ ಹೋಗುವ ರಸ್ತೆಯಲ್ಲಿದ್ದ ಒಂದು ತೆಂಗಿನ ನಾರಿನ ಹಗ್ಗದ ಕಾರ್ಖಾನೆಯಲ್ಲಿ.

ಆಗ ಕಂಪ್ಯೂಟರ್ ಇರುವ ಕೋಣೆಗೆ ಚಪ್ಪಲಿ ಬಿಟ್ಟು ಹೋಗುತ್ತಿದ್ದ ಕಾಲ. ನಮ್ಮ ಯಜಮಾನರು ಯಾರದೋ ಮಾತು ಕೇಳಿ, ಉತ್ಪಾದನೆಯನ್ನು ನೋಡಿಕೊಳ್ಳುವ ಸಾಫ್ಟ್‌ವೇರೊಂದನ್ನು ತರಿಸಿದರು. ಮಿಷನ್ ಎಷ್ಟು ಹೊತ್ತು ಓಡಿತು, ಎಷ್ಟು ಹೊತ್ತು ನಿಂತಿತು, ಎಷ್ಟು ಸುರುಳಿ ಹಗ್ಗ ಬಂತು ಎನ್ನುವುದನ್ನೆಲ್ಲ ಅದು ಬಣ್ಣಬಣ್ಣದ ಗೆರೆಗಳಲ್ಲಿ ತೋರಿಸುತ್ತಿತ್ತು. ಸ್ಟೋರಿನಲ್ಲಿ ಗುಮಾಸ್ತನಾಗಿದ್ದ ನಾನು ಆರು ತಿಂಗಳ ಕೋರ್ಸು ಮಾಡಿದ್ದೇನೆಂಬ ಒಂದೇ ಕಾರಣಕ್ಕೆ ‘ಸಿಸ್ಟಮ್ ಇನ್‌ಚಾರ್ಜ್’ ಆದೆ. ಫ್ಯಾನಿರುವ ಕೋಣೆ ಸಿಕ್ಕಿತು. ಫ್ಯಾನು ಕಂಪ್ಯೂಟರಿಗೆಂದು ಹಾಕಿಸಿದ್ದು, ನಿಜ. ಆದರೆ ಗಾಳಿ ನನಗೂ ಅಷ್ಟಿಷ್ಟು ತಾಗುತ್ತಿತ್ತು.

ಆ ಸಾಫ್ಟ್‌ವೇರಿಗೆ ಕಣ್ಣೂ ಇರಲಿಲ್ಲ, ಕಿವಿಯೂ ಇರಲಿಲ್ಲ. ನಾನು ಒತ್ತಿದ್ದಷ್ಟೇ ಅದಕ್ಕೆ ಗೊತ್ತು. ನನಗೆ ಗೊತ್ತಾಗುತ್ತಿದ್ದುದು ಕೆಂಪಕ್ಕನಿಂದ. ಹಗ್ಗ ಹೊಸೆಯುವ ಹೆಂಗಸರಿಗೆಲ್ಲ ಅವಳು ಮೇಲ್ವಿಚಾರಕಿ. ಓದು ಬರಹ ಬಾರದು. ಬಾಗಿಲ ಮೊಳೆಗೆ ದಿನಕ್ಕೊಂದು ಹುರಿ ನೇತುಹಾಕಿ, ಹತ್ತು ಸುರುಳಿ ಆದಾಗ ಒಂದು ಗಂಟು ಹಾಕುತ್ತಿದ್ದಳು. ಮಿಷನ್ ಅರ್ಧ ಗಂಟೆ ನಿಂತರೆ ಹಳೇ ಸೀರೆಯ ಒಂದು ಚೂರು ಕಟ್ಟುತ್ತಿದ್ದಳು. ಸಂಜೆ ನಾನು “ಎಷ್ಟಾಯ್ತು ಕೆಂಪಕ್ಕಾ?” ಅನ್ನುವುದು, ಅವಳು ಹೇಳುವುದು, ನಾನು ಒಳಗೆ ಬಂದು ಒತ್ತುವುದು. ಬಣ್ಣದ ಗೆರೆ ನೋಡಿದವರೆಲ್ಲ ನನ್ನನ್ನು ಹೊಗಳುತ್ತಿದ್ದರು. ನಾನೂ ಹೊಗಳಿಸಿಕೊಳ್ಳುತ್ತಿದ್ದೆ.

ವರ್ಷ ತುಂಬುವ ಹೊತ್ತಿಗೆ ಯಜಮಾನರಿಗೆ ಗೆಂಡೆಹಳ್ಳಿಯಲ್ಲಿ ಇನ್ನೊಂದು ಕಾರ್ಖಾನೆ ತೆರೆಯುವ ಮನಸ್ಸಾಯಿತು. ನನ್ನನ್ನು ಕರೆದು, “ಏನ್ರೀ, ಈ ಸಾಫ್ಟ್‌ವೇರಿಂದ ನಮಗೇನು ಲಾಭ ಆಗಿದೆ ಅಂತ ಅಳೆದು ಕೊಡಿ. ಲಾಭ ಇದ್ರೆ ಅಲ್ಲಿಗೂ ಹಾಕ್ಸೋಣ. ಇಲ್ದಿದ್ರೆ ಇದನ್ನೂ ತೆಗೆಸಿ, ನೀವು ವಾಪಸ್ ಸ್ಟೋರಿಗೆ ಹೋಗ್ರಿ” ಅಂದರು. ಕೊಟ್ಟ ಫಾರಂನಲ್ಲಿ ‘ಮೊದಲು’, ‘ಈಗ’ ಎಂದು ಎರಡೇ ಕಾಲಂ.

ಮೊದಲಿನ ಲೆಕ್ಕ ಇದ್ದದ್ದು ಕೆಂಪಕ್ಕನ ಹತ್ತಿರ ಮಾತ್ರ. ಪಾಪ, ಅಟ್ಟದಿಂದ ಹಳೇ ಹುರಿಗಳ ಕಟ್ಟು ಇಳಿಸಿ, ಒಂದು ಮಧ್ಯಾಹ್ನವೆಲ್ಲ ಕೂತು ಗಂಟು ಸವರುತ್ತ ಹೇಳಿದಳು. ಬರೆದು ಕೂಡಿಸಿ ನೋಡಿದೆ. ಮಿಷನ್ ಮೊದಲೆಷ್ಟು ಹೊತ್ತು ನಿಲ್ಲುತ್ತಿತ್ತೋ ಈಗಲೂ ಅಷ್ಟೇ ಹೊತ್ತು ನಿಲ್ಲುತ್ತಿತ್ತು. ಹಗ್ಗವೂ ಅಷ್ಟೇ. ಲಾಭ ಸೊನ್ನೆ. ನಾನು ತಲೆಯೆತ್ತಿ ಫ್ಯಾನು ನೋಡಿದೆ. ಆಮೇಲೆ ‘ಮೊದಲು’ ಕಾಲಂನಲ್ಲಿ ಮಿಷನ್ ನಿಂತ ಹೊತ್ತನ್ನು ಸರಿಯಾಗಿ ಎರಡರಷ್ಟು ಮಾಡಿ, ಸಹಿ ಹಾಕಿದೆ.

ಯಜಮಾನರು ಬೆನ್ನು ತಟ್ಟಿದರು. ನನ್ನ ಹೆಂಡತಿ ಹರಕೆ ಹೊತ್ತಿದ್ದಳಂತೆ, ಭಾನುವಾರ ಮಾಲೇಕಲ್ಲು ತಿರುಪತಿ ಬೆಟ್ಟದ ಮೆಟ್ಟಿಲು ಹತ್ತಿಸಿದಳು. ಅರ್ಧ ದಾರಿಯಲ್ಲೇ ಉಸಿರು ಕಟ್ಟಿತು. ವಯಸ್ಸಾಯಿತು ಕಣೇ ಅಂದೆ. ವಯಸ್ಸಲ್ಲ ಎಂದು ನನಗೂ, ಮೇಲೆ ನಿಂತಿದ್ದ ವೆಂಕಟರಮಣನಿಗೂ ಗೊತ್ತಿತ್ತು.

ಸೋಮವಾರ ಯಜಮಾನರಿಗೆ ಹೊಸ ಯೋಚನೆ ಬಂದಿತ್ತು. “ಹಾಗಾದ್ರೆ ಮೊದಲು ಅಷ್ಟೊಂದು ಹೊತ್ತು ಮಿಷನ್ ನಿಲ್ಲಿಸ್ಕೊಂಡು ಕೂತಿದ್ದು ಯಾರ್ರೀ?” ಎಂದು ಕೇಳಿ, ಕೆಂಪಕ್ಕನನ್ನು ಮೇಲ್ವಿಚಾರಣೆಯಿಂದ ತೆಗೆದು ಬಿಸಿಲಲ್ಲಿ ನಾರು ಹರಡುವ ಕೆಲಸಕ್ಕೆ ಹಾಕಿದರು. ಕಳೆದುಹೋದ ಕಾಲದ ಬಗ್ಗೆ ಸುಳ್ಳು ಬರೆದರೆ ಯಾರಿಗೂ ನೋಯುವುದಿಲ್ಲ ಎಂದುಕೊಂಡಿದ್ದೆ. ಆ ಕಾಲವನ್ನು ನಡೆಸಿದವಳು ದಿನಾ ನನ್ನೆದುರೇ ಓಡಾಡುತ್ತಿದ್ದಾಳೆಂಬುದು ನನ್ನ ತಲೆಗೆ ಹೊಳೆದಿರಲಿಲ್ಲ. ನಾಚಿಕೆಯಿಂದ ಸತ್ತುಹೋದೆ. ಸತ್ತರೂ ಬಾಯಿ ಬಿಡಲಿಲ್ಲ.

ಅಂದು ಸಂಜೆ ಕಂಪ್ಯೂಟರಿಗೆ ಒತ್ತಲು ಏನೂ ಇರಲಿಲ್ಲ. ಮಾರನೆಯ ದಿನವೂ ಇಲ್ಲ. ಮೂರನೆಯ ದಿನ ತಲೆ ತಗ್ಗಿಸಿಕೊಂಡು ನಾರಿನ ಅಂಗಳಕ್ಕೆ ಹೋದೆ. ಕೆಂಪಕ್ಕ ಸೊಂಟದಿಂದ ಹುರಿ ತೆಗೆದು ಕೈಗಿಟ್ಟಳು. “ಇಲ್ಲಿದ್ರೂ ಮಿಷನ್ ಸದ್ದು ಕೇಳ್ತೈತೆ ಸಾ. ನಿಂತಿದ್ದುಕ್ಕೆಲ್ಲ ಚೂರು ಕಟ್ಟೀವ್ನಿ. ಸುರುಳಿ ಎಷ್ಟಾದ್ವೋ ಕಾಣೆ” ಅಂದಳು. ಅವಳ ಮುಖ ನೋಡಲಾಗಲಿಲ್ಲ. ನೇರ ಯಜಮಾನರ ಬಳಿಗೆ ನಡೆದು, “ವರದಿಯಲ್ಲಿ ಮೊದಲಿನ ಲೆಕ್ಕ ತಪ್ಪಿ ಎರಡರಷ್ಟಾಗಿದೆ ಸಾರ್. ಅಷ್ಟು ಹೊತ್ತು ನಿಲ್ತಿರಲಿಲ್ಲ” ಎಂದೆ.

“ತಪ್ಪು ಮಾಡಿದ್ಯಾರು?” ಎಂದರು. ನನ್ನ ಉತ್ತರಕ್ಕೂ ಕಾಯದೆ ಕೆಂಪಕ್ಕನನ್ನೂ ಕರೆಸಿದರು. ಲೆಕ್ಕ ಎರಡರಷ್ಟಾಗಿದೆ ಎಂದು ಕೇಳಿದ ಕೆಂಪಕ್ಕ ನನ್ನ ಕಡೆಗೊಮ್ಮೆ ನೋಡಿದಳು. “ಹಳೇ ಹುರಿ ಯಜಮಾನ್ರೇ. ಒಂದೊಂದನ್ನೂ ಎರಡೆರಡು ಸಲ ಎಣ್ಸುಬುಟ್ನೇನೋ” ಎಂದಳು.

ಈಗಲಾದರೂ ಬಾಯಿ ಬಿಡಬೇಕಿತ್ತು. ನಾನು ಗೋಡೆಯ ಕ್ಯಾಲೆಂಡರ್ ನೋಡುತ್ತ ನಿಂತೆ. ಯಜಮಾನರು ಅವಳನ್ನು ಚೆನ್ನಾಗಿ ಬೈದು, ಲೆಕ್ಕವಿಲ್ಲದೆ ಕಂಪ್ಯೂಟರ್ ನಡೆಯದೆಂದು ಮತ್ತೆ ಹಳೆಯ ಜಾಗಕ್ಕೇ ಕಳಿಸಿದರು. ಗೆಂಡೆಹಳ್ಳಿಗೆ ಸಾಫ್ಟ್‌ವೇರ್ ಬೇಡವೆಂದಾಯಿತು. ಇಲ್ಲಿಯದು ಹೇಗೂ ತಂದಾಗಿದೆ, ಇರಲಿ ಎಂದರು. ಜೊತೆಗೆ ನಾನೂ ಉಳಿದೆ.

ಅಂದಿನಿಂದ ಕೆಂಪಕ್ಕ ನನಗೆ ಲೆಕ್ಕ ಹೇಳುವುದನ್ನು ಬಿಟ್ಟಳು. ಸಂಜೆಯಾದರೆ ಎಲ್ಲ ಹೆಂಗಸರ ಮುಂದೆ ಹುರಿಯನ್ನೇ ನನ್ನ ಕೈಗೆ ಕೊಡುತ್ತಿದ್ದಳು. “ನೀವೇ ಎಣ್ಸಿ ಸಾ. ನಾನ್ ಹೇಳುದ್ರೆ ಎರಡರಷ್ಟಾಯ್ತದೆ.” ನಾನು ಅಲ್ಲೇ ನಿಂತು ಒಂದೊಂದೇ ಗಂಟು ಸವರುತ್ತ ಎಣಿಸುತ್ತಿದ್ದೆ. ನಡುವೆ ತಪ್ಪಿದರೆ, ಮೊದಲಿಂದ ಎಣಿಸಿ ಅನ್ನುತ್ತಿದ್ದಳು.