ಪೆಟ್ಟಿಗೆಯ ಮುಚ್ಚಳಕ್ಕಾಗಿ ನಡೆದ ಮಹಾಸಂಗ್ರಾಮ

ಎಲೈ ವಾಗ್ದೇವಿಯೇ, ಕಡತಗಳಿಗೆ ಕೈಕಾಲು ಬಂದು ಕೋಣೆಯಿಂದ ಕೋಣೆಗೆ ಸಂಚರಿಸುತ್ತಿದ್ದ ಆ ಮಹಾಯುಗವನ್ನೂ, ಅದರಲ್ಲಿ ಮೆರೆದ ಸಕಲರೋಗಕುಲಕುಠಾರನೂ ಲಸಿಕಾಬಾಣಪ್ರಯೋಗಚತುರನೂ ಆದ ಆರೋಗ್ಯ ಇಲಾಖೆಯ ಕಾರ್ಯದರ್ಶಿ ಗುರುಪಾದಪ್ಪ ಬೆಟಗೇರಿಯನ್ನೂ ಕೊಂಡಾಡಲು ಈ ನಾಲಿಗೆಗೆ ಬಲ ಕೊಡು!

ಸಮುದ್ರದಾಚೆಯ ಮುಕ್ತಾದ್ವೀಪದಲ್ಲಿ ವಾಂತಿಭೇದಿಯೆಂಬ ರಕ್ಕಸಿ ಮನೆಮನೆ ಹೊಕ್ಕಿದ್ದಳು. ಅನ್ಯದೇಶದ ರೋಗಿಗಳಿಗೆ ನಮ್ಮ ಸರ್ಕಾರ ಹೇಗೆ ನೆರವಾಗಬೇಕೆಂಬ ವಿಶ್ವಾರೋಗ್ಯ ನೀತಿಯನ್ನು ಅಂದೇ ರಚಿಸಿ, ಔಷಧದ ಪೆಟ್ಟಿಗೆಗಳನ್ನು ಅಂದೇ ಹಡಗಿಗೇರಿಸಬೇಕಿತ್ತು. ಆದರೆ ನೀತಿಯ ಮೊದಲ ಸಾಲಿನಲ್ಲೇ ರಣಕಹಳೆ ಮೊಳಗಿತು: ಪೆಟ್ಟಿಗೆಯ ಮುಚ್ಚಳದಲ್ಲಿ ಯಾವ ಇಲಾಖೆಯ ಚೀಟಿ ಮೇಲಿರಬೇಕು?

ಎದ್ದಳು ವಿದೇಶಾಂಗ ಇಲಾಖೆಯ ವಿಲಾಸಿನಿ ಕಾಮತ್, ಸಂಧಿವಿಗ್ರಹವಿಶಾರದೆ, ಮಂದಹಾಸಮಾತ್ರದಿಂದ ಒಪ್ಪಂದಗಳನ್ನು ಮುರಿಯಬಲ್ಲವಳು.

“ಮಾರಾಯ್ರೇ, ನೀವು ಮದ್ದು ಕೊಟ್ಟರೆ ಆಯ್ತಲ್ಲ. ಸ್ನೇಹ ಮಾಡುದು ನಮ್ಮ ಕೆಲಸ. ಧ್ವಜದ ಚೀಟಿಯೇ ಮೇಲೆ, ಗೊತ್ತುಂಟಾ?”

ಗುರುಪಾದಪ್ಪನ ಮೀಸೆ ಪ್ರಳಯಮೇಘದಂತೆ ಕಂಪಿಸಿತು. “ಏನಂದ್ರಿ ಬಾಯಾರ? ಹೊಟ್ಟಿ ಕೆಟ್ಟಾಂವ ಧ್ವಜಾ ನುಂಗ್ತಾನೇನ್ರಿ? ಎಷ್ಟು ಗುಳಿಗಿ, ಯಾವಾಗ ಅನ್ನೂದು ಮ್ಯಾಲ ಇರಬೇಕು. ಈ ಗುರುಪಾದಪ್ಪ ಇರೂತನಕ ನಿಮ್ಮ ಚೀಟಿ ಕೆಳಗ!”

ದ್ವೀಪದ ಕೂಸುಗಳನ್ನು ನೆನೆದು ಅವನ ಎದೆ ಅಳುಕಿತು. ಹೋಗಲಿ ಬಿಡು ಎನ್ನಬೇಕೆನಿಸಿತು. ಆದರೆ ಬೆನ್ನ ಹಿಂದೆ ಇಲಾಖೆಯವರೆಲ್ಲ ಮೇಜು ಕುಟ್ಟಿ ಜಯಘೋಷ ಮಾಡಿಬಿಟ್ಟರು. ಇನ್ನು ವೀರನಾದವನು ಕೂರುವುದೆಂತು?

ಆಮೇಲೆ ನಡೆದ ಘೋರ ಅಂಟುಯುದ್ಧವನ್ನು ಬಣ್ಣಿಸಲು ಆದಿಶೇಷನಿಗೂ ನಾಲಿಗೆ ಸಾಲದು. ಆತ ಅಂಟಿಸಿದ, ಅದರ ಮೇಲೆ ಆಕೆ ಅಂಟಿಸಿದಳು, ಚೀಟಿಯ ಮೇಲೆ ಚೀಟಿ ಏರಿ ಮುಚ್ಚಳವು ಮೇರುಪರ್ವತಪ್ರಾಯವಾಯಿತು. ಕಡೆಗೆ ಅಂಟಿನ ಡಬ್ಬಿ ಮಗುಚಿ, ಉಭಯವೀರರ ಅಂಗೈಗಳೂ ಒಂದೇ ಮುಚ್ಚಳಕ್ಕೆ ಕಚ್ಚಿಕೊಂಡವು.

ಅಷ್ಟರಲ್ಲಿ ದ್ವೀಪದ ರಾಯಭಾರಿ ಝರೀನಾ ಬೇಗಂ ಬಾಗಿಲು ತಳ್ಳಿದಳು.

“ಮಾತ್ರೆ ನಮ್ಮ ಗೋದಾಮಿನಲ್ಲೇ ಬೇಕಾದಷ್ಟಿದೆ. ಕುಡಿಯೋ ನೀರಿನ ಪಂಪು ಸೋರಿ ಚರಂಡಿ ನೀರು ಸೇರ್ತಿದೆ. ಅದಕ್ಕೆ ವಾಷರ್ ಸಿಗ್ತಿಲ್ಲ. ನಿಮ್ಮಲ್ಲಿ ಒಬ್ಬರಾದ್ರೂ ನಮ್ಮನ್ನ ಕೇಳಿದ್ರಾ?”

ಮುಚ್ಚಳಸಮೇತ ತಲೆತಗ್ಗಿಸಿದ ಗುರುಪಾದಪ್ಪ ಮೆಲ್ಲಗೆ ಕೇಳಿದ: “ಎಷ್ಟು ದೊಡ್ಡದ್ರಿ ಅದು?”

ಆಕೆ ಹೆಬ್ಬೆರಳಿಗೆ ತೋರುಬೆರಳು ಸೇರಿಸಿ ತೋರಿಸಿದಳು.

ಹೀಗೆ ವಿಶ್ವಾರೋಗ್ಯ ನೀತಿಯ ಪ್ರಥಮ ದಿಗ್ವಿಜಯವು ಬೀದಿ ಮೂಲೆಯ ನಲ್ಲಿ ಸಾಮಾನಿನ ಅಂಗಡಿಯಲ್ಲಿ ಸಿಕ್ಕಿ, ರಾಯಭಾರಿಯ ಕೈಚೀಲವನ್ನೇರಿ ಸಾಗರವನ್ನು ದಾಟಿತು. ಪಂಪು ಸೋರುವುದು ನಿಂತಿತು, ರಕ್ಕಸಿ ಕಾಲ್ತೆಗೆದಳು. ಆ ವಾಷರಿಗೆ ಚೀಟಿ ಅಂಟಿಸುವುದು ಮಾತ್ರ ಇಬ್ಬರು ವೀರರಿಗೂ ಸಾಧ್ಯವಾಗಿರಲಿಲ್ಲ. ನಡುವೆ ಬರೀ ತೂತು.