ಶಿವರಾಜನ ಹೊಲಕ್ಕೆ ನಡೆದು ಹೋದದ್ದು

ಮಾವನ ಎದುರು ದೊಡ್ಡವನಾಗಿ ಕಾಣಬೇಕೆಂಬ ಚಪಲ ಗಂಡಸಿಗೆ ಯಾವ ವಯಸ್ಸಿನಲ್ಲಿ ಬಿಟ್ಟುಹೋಗುತ್ತದೋ ನನಗೆ ತಿಳಿಯದು. ನನಗೀಗ ನಲವತ್ತೊಂದು, ಇನ್ನೂ ಬಿಟ್ಟಿಲ್ಲ. ನನ್ನ ಮಾವ ಔರಾದಿನವರು, ಮಾತು ಕಡಿಮೆ. ಬೈದರೆ ತಲೆ ತಗ್ಗಿಸಬಹುದು, ಹೊಗಳಿದರೆ ಹಿಗ್ಗಬಹುದು. ಅವರು ಎರಡನ್ನೂ ಮಾಡದೆ ಎಲ್ಲದಕ್ಕೂ "ಹೂಂ" ಎನ್ನುತ್ತಾರೆ. ಆ "ಹೂಂ" ಒಳಗೆ ನನ್ನ ಬಗ್ಗೆ ಏನಿದೆ ಎಂದು ಹುಡುಕುವುದರಲ್ಲೇ ಹನ್ನೆರಡು ವರ್ಷದ ಸಂಸಾರ ಕಳೆದಿದೆ. ಹೆಂಡತಿಯನ್ನು ಕೇಳಿದರೆ, "ಎಮ್ಮಿ ಖರೀದಿ ಮಾಡುವಾಗೂ ನಮ್ಮಪ್ಪ ಹಂಗೇ ಅಂತಾನ್ರಿ" ಎಂದು ಸಮಾಧಾನ ಹೇಳುತ್ತಾಳೆ.

ಈ ಸಲ ಎಳ್ಳಮಾವಾಸ್ಯೆಗೆ ಅತ್ತೆ ಮಾವ ಬೀದರಿಗೆ, ಚಿದ್ರಿಯ ನಮ್ಮ ಮನೆಗೆ ಬಂದರು. ಅಂದು ನಮ್ಮ ಕಡೆ ಯಾರೂ ಮನೆಯಲ್ಲಿರುವುದಿಲ್ಲ. ಹೊಲವಿದ್ದವರು ಹೊಲಕ್ಕೆ ಹೋಗಿ, ಜೋಳದ ದಂಟಿನ ಗುಡಿಸಲು ಕಟ್ಟಿ, ಪೂಜೆ ಮಾಡಿ, ಹಲವು ಕಾಳು, ಸೊಪ್ಪು ಕೂಡಿಸಿ ಬೇಯಿಸಿದ ಭಜ್ಜಿ, ಸಜ್ಜೆ ರೊಟ್ಟಿ ಉಣ್ಣುತ್ತಾರೆ. ಇಲ್ಲದವರು ಇದ್ದವರ ಹೊಲಕ್ಕೆ ಹೋಗುತ್ತಾರೆ. ನಾನು ಎರಡನೆಯ ಪೈಕಿ. ಆಫೀಸಿನಲ್ಲಿ ಪಕ್ಕದ ಮೇಜಿನ ಶಿವರಾಜ ಕರೆದಿದ್ದ: "ಅಷ್ಟೂರ ದಾಟಿ ಬರ್ರಿ ಸರ, ದೊಡ್ಡ ಬೇವಿನ ಗಿಡದ ಬಾಜೂಕ ನಮ್ಮ ಗುಡಸಲ ಕಾಣ್ತದ." ಆಟೋ ಬೇಡ, ಎಲ್ಲರೂ ನಡೆದೇ ಹೋಗೋಣ, ಮಕ್ಕಳಿಗೆ ಟ್ರೆಕ್ಕಿಂಗ್ ರೂಢಿಯಾಗಲಿ ಎಂದು ನಾನು ಘೋಷಿಸಿದೆ. ಅದಕ್ಕೆಂದೇ ಒಂದು ಟೋಪಿಯನ್ನೂ ಕೊಂಡಿದ್ದೆ.

ಅರ್ಧ ಗಂಟೆಯೊಳಗೆ ನಾಲ್ಕು ವರ್ಷದ ಮಗ ನನ್ನ ಹೆಗಲೇರಿದ. ಇನ್ನೊಂದು ಹತ್ತು ನಿಮಿಷಕ್ಕೆ ಅವನು ಅತ್ತೆಯ ಸೊಂಟದ ಮೇಲಿದ್ದ, ನಾನು ಬದುವಿನ ಮೇಲೆ ಕುಳಿತು ಏದುಸಿರು ಬಿಡುತ್ತಿದ್ದೆ. ಮಾವ ಮಾತ್ರ ಕೈ ಹಿಂದೆ ಕಟ್ಟಿಕೊಂಡು, ಸ್ವಂತ ಅಂಗಳದಲ್ಲಿ ಓಡಾಡುವವರ ಹಾಗೆ ಮುಂದೆ ಹೋಗಿ, ಆಗಾಗ ನಿಂತು ನಮಗಾಗಿ ಕಾಯುತ್ತಿದ್ದರು. ಅಷ್ಟೂರು ಹಳ್ಳಿ ದಾಟಿದ ಮೇಲೆ ಎಲ್ಲಿ ನೋಡಿದರೂ ಬೇವಿನ ಮರ, ಎಲ್ಲ ಮರದ ಪಕ್ಕದಲ್ಲೂ ಗುಡಿಸಲು. ಶಿವರಾಜನಿಗೆ ಒಂದು ಫೋನ್ ಮಾಡಿದ್ದರೆ ಮುಗಿಯುತ್ತಿತ್ತು. ಆದರೆ ಮಾವನ ಎದುರು ದಾರಿ ಕೇಳುವುದೆ? ಎಲ್ಲಕ್ಕಿಂತ ದೊಡ್ಡ ಮರ ತೋರಿಸಿ, "ಅದೇ" ಎಂದೆ.

ನಮ್ಮನ್ನು ಕಂಡದ್ದೇ ಅಲ್ಲಿದ್ದ ಹಿರಿಯರು ಎದ್ದು ಬಂದರು. "ಬರ್ರಿ ಬರ್ರಿ, ಕುಂದರ್ರಿ. ಮೊದಲ ನೀರ ಕುಡೀರಿ." ಆ ದಿನ ಹೊಲಕ್ಕೆ ಬಂದವರನ್ನು ಯಾರು, ಎಲ್ಲಿಯವರು ಎಂದು ಯಾರೂ ಕೇಳುವುದಿಲ್ಲ, ತಾಟು ಹಾಕುತ್ತಾರೆ. ಇವರೇ ಶಿವರಾಜನ ತಂದೆ ಎಂದು ನಾನು ತೀರ್ಮಾನಿಸಿದೆ. ನಿಮ್ಮ ಮಗ ಎಲ್ಲಿ ಎಂದು ಕೇಳಿದ್ದಕ್ಕೆ, "ನೀರ ತರ್ಲಿಕ್ಕ ಹೋಗ್ಯಾನ್ರಿ, ಈಗ ಬರ್ತಾನ" ಎಂದರು. ಭಜ್ಜಿ ಮೂರನೆಯ ಸಲ ಬಿತ್ತು. ಹೊಟ್ಟೆ ತುಂಬಿದ ಮೇಲೆ ನನ್ನ ನಾಲಿಗೆ ಸುಮ್ಮನಿರಲಿಲ್ಲ. ಆಫೀಸಿನಲ್ಲಿ ನನ್ನ ತೂಕ ಎಷ್ಟೆಂದು ಮಾವನಿಗೆ ತಿಳಿಯಲಿ ಎಂದು ಹಿರಿಯರ ಕಡೆ ತಿರುಗಿದೆ.

"ನಿಮ್ಮ ಮಗ ನಮ್ಮ ಆಫೀಸಿನಾಗೇ ಅದಾನ್ರಿ. ಹುಡುಗ ಛಲೋ ಅದಾನ. ಆದ್ರ ಟೈಮಿಗೆ ಬರಂಗಿಲ್ಲ. ನಾನೇ ಎಷ್ಟೋ ಸಲ ಸಂಭಾಳಿಸೇನಿ."

ಹಿರಿಯರ ಕೈಯಲ್ಲಿದ್ದ ಸೌಟು ಅಲ್ಲೇ ನಿಂತಿತು. "ಖರೇ ಏನ್ರಿ? ಮುಂಜಾನಿ ಎಂಟಕ್ಕ ಮನಿ ಬಿಡ್ತಾನಲ್ರಿ! ಮತ್ತ ಎಲ್ಲಿ ಹೋಗ್ತಾನ?"

"ಈಗಿನ ಹುಡುಗರು" ಎಂದು ನಾನು ಕೈ ಚೆಲ್ಲಿದೆ. ಮಾವ "ಹೂಂ" ಎಂದರು. ನನಗೆ ಒಳಗೊಳಗೇ ಖುಷಿಯಾಯಿತು.

ಅಷ್ಟರಲ್ಲಿ ಹೆಗಲ ಮೇಲೆ ಕೊಡ ಹೊತ್ತು ಒಬ್ಬ ಬಂದ. ಅವನು ಶಿವರಾಜನಲ್ಲ. ನಾನು ಬಾಯಿ ತೆರೆಯುವ ಮೊದಲೇ ಹಿರಿಯರು ಶುರುಮಾಡಿದರು: "ಏ ಸಂತೋಷ, ಎಂಟಕ್ಕ ಮನಿ ಬಿಟ್ಟು ಎಲ್ಲಿ ತಿರುಗ್ತಿಯೋ? ಸಾಹೇಬ್ರು ಎಲ್ಲಾ ಹೇಳ್ಯಾರ! ನಾಚಿಕಿ ಬರಂಗಿಲ್ಲೇನು?" ರೊಟ್ಟಿ ತರುತ್ತಿದ್ದ ಅವನ ಹೆಂಡತಿ ನಿಂತಲ್ಲೇ ನಿಂತಳು. ಆತ ಕೊಡವನ್ನೂ ಇಳಿಸದೆ ನನ್ನನ್ನೇ ನೋಡಿದ. "ಯಾರಪ್ಪಾ ಇವರು? ನಾ ಭಾಲ್ಕಿ ಆಫೀಸಿನಾಗ ಇರಾಂವ. ಇವರ ಮಾರಿನೇ ನೋಡಿಲ್ಲ."

ನಾಚಿಕೆಯಿಂದ ಭೂಮಿಗೆ ಇಳಿದುಹೋದೆ ಎಂದು ಜನ ಹೇಳುತ್ತಾರೆ. ಇಳಿಯುವುದಿಲ್ಲ, ತಾಟಿನ ಮುಂದೆ, ಕೈಯಲ್ಲಿ ತುತ್ತು ಹಿಡಿದು ಅಲ್ಲೇ ಕೂತಿರಬೇಕಾಗುತ್ತದೆ. ದಾರಿ ತಪ್ಪಿ ಬಂದೆವು, ನಮಗೆ ಬೇಕಾದದ್ದು ಶಿವರಾಜನ ಹೊಲ ಎಂದು ತೊದಲಿದೆ. "ಅವರದು ನಾಕು ಹೊಲ ಆಚಿಗೆ ಅದರೀ" ಎಂದರು ಹಿರಿಯರು. ಮಗನ ಕೊಡವನ್ನು ತಾವೇ ಇಳಿಸಿಕೊಂಡರು. ಅವರ ಕಣ್ಣು ಒದ್ದೆಯಾಗಿತ್ತು. ಆಮೇಲೆ ನನ್ನ ಕಡೆ ತಿರುಗಿ, "ಇರ್ಲಿ ಬಿಡ್ರಿ, ಅಂಬಲಿ ತಗೋರಿ" ಎಂದರು. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

ಸಂತೋಷ ಎದುರಿಗೆ ಕುಳಿತು, ಮಾತು ಬದಲಿಸಲೆಂದೇ ಇರಬೇಕು, "ನಿಮ್ಮ ಆಫೀಸ್ ಎಷ್ಟಕ್ಕ ಸುರು ಆಗ್ತದ್ರಿ ಸರ?" ಎಂದು ಕೇಳಿದ.

"ಹತ್ತಕ್ಕೆ."

"ಪಪ್ಪಾ ಹನ್ನೊಂದಕ್ಕ ಹೋಗ್ತಾರ" ಎಂದಳು ಏಳು ವರ್ಷದ ಮಗಳು, ಕಡಬು ಕಚ್ಚುತ್ತ. "ಶಿವರಾಜ ಅಂಕಲ್ ಫೋನ್ ಮಾಡಿ ಕರೀತಾರ."

ಮಾವ "ಹೂಂ" ಕೂಡ ಎನ್ನಲಿಲ್ಲ. ಆ "ಹೂಂ"ಗಾಗಿ ಅಂದು ಕಾದಷ್ಟು ನಾನು ಯಾವತ್ತೂ ಕಾದಿರಲಿಲ್ಲ. ನಾಲ್ಕು ಹೊಲದಾಚೆ ಶಿವರಾಜನ ಮನೆಯವರು ನಮಗಾಗಿ ಉಣ್ಣದೆ ಕೂತಿದ್ದರು. ಅಲ್ಲಿ ತಲೆ ಎತ್ತದೆ ಇನ್ನೊಂದು ಸಲ ಉಂಡೆ.

ಮರುದಿನ ಬೆಳಿಗ್ಗೆ ಒಂಬತ್ತಕ್ಕೆ ಮಾವ ಚಪ್ಪಲಿ ಮೆಟ್ಟಿ, ನನ್ನ ಬ್ಯಾಗು ಹಿಡಿದು ಬಾಗಿಲಲ್ಲಿ ನಿಂತಿದ್ದರು. "ನಡೀರಿ ಅಳಿಯಂದ್ರ, ಆಫೀಸಿನ ತನಕ ನಾನೂ ಬರ್ತೇನಿ." ಆಫೀಸಿನ ಬೀಗ ಇನ್ನೂ ತೆಗೆದಿರಲಿಲ್ಲ. ಇಬ್ಬರೂ ಮೆಟ್ಟಿಲ ಮೇಲೆ ಕುಳಿತೆವು. ಹತ್ತಕ್ಕೆ ಹತ್ತು ನಿಮಿಷವಿರುವಾಗ ಬಂದ ಶಿವರಾಜ ನನ್ನನ್ನು ಕಂಡು ಗಾಬರಿಯಿಂದ ಓಡಿಬಂದ. "ಸರ, ಯಾಕ್ರಿ ಇಷ್ಟ ಲಗೂ? ಮನ್ಯಾಗ ಏನರ ಆಗ್ಯಾದೇನ್ರಿ?" ಏನೂ ಇಲ್ಲವೆಂದರೆ ನಂಬಲಿಲ್ಲ. ಪಕ್ಕದಲ್ಲಿದ್ದ ಮಾವನಿಗೆ ಕೈಮುಗಿದು, ನನಗೆ ಧೈರ್ಯ ಹೇಳಿದ: "ನೀವು ಆರಾಮ ಮನಿಗೆ ಹೋಗ್ರಿ ಸರ. ದಿನಾ ಸಂಭಾಳಿಸಾಂವ ನಾನೇ ಅಲ್ರಿ, ಇವತ್ತೂ ಸಂಭಾಳಿಸ್ತೇನಿ."