ಅಲ್ಲಾಡಬೇಡಿ ಎನ್ನುವವನ ಅಹವಾಲು

ಮಾನ್ಯರೇ,

ನನ್ನ ಮನೆಯ ಮುಂಗೋಣೆಯಲ್ಲಿರುವ ಫೋಟೋ ಸ್ಟುಡಿಯೋದಲ್ಲಿ, ಸೂರೂ ಗೋಡೆಯೂ ಕೂಡುವ ಮೂಲೆಯಲ್ಲಿ, ಹಿಂದೆ ಜೇಡವೊಂದು ಬಾಡಿಗೆಯಿಲ್ಲದೆ ವಾಸವಾಗಿದ್ದ ಸ್ಥಳದಲ್ಲಿ ಈಗ ಬಿಳಿಯ ಗುಂಡು ಮುಖ ಹೊತ್ತು ವಿರಾಜಮಾನರಾಗಿರುವ ಮೋಷನ್ ಸೆನ್ಸರ್ ಸಾಹೇಬರ ಸನ್ನಿಧಿಗೆ, ಅದೇ ಕೋಣೆಯ ನೆಲದ ಮೇಲೆ ಮೂರು ಕಾಲಿನ ಸ್ಟ್ಯಾಂಡಿನ ಹಿಂದೆ ನಿಂತು ನಿಂತೇ ತಲೆ ನರೆಸಿಕೊಂಡ ಛಾಯಾಗ್ರಾಹಕನ ನಮಸ್ಕಾರಗಳು. ತಾವು ಕ್ಷೇಮವೆಂದು ಬಲ್ಲೆ. ತಮ್ಮ ಕೆಂಪು ಚುಕ್ಕಿ ಆಗಾಗ ಮಿನುಗುವುದನ್ನು ನೋಡುತ್ತಲೇ ಇದ್ದೇನೆ. ನಮ್ಮ ಕ್ಷೇಮವನ್ನು ತಾವು ವಿಚಾರಿಸುವ ಪ್ರಶ್ನೆಯೇ ಬರುವುದಿಲ್ಲ, ಏಕೆಂದರೆ ತಮ್ಮ ಲೆಕ್ಕದಲ್ಲಿ ನಾವು ಬಹುಪಾಲು ಹೊತ್ತು ಇರುವುದೇ ಇಲ್ಲ.

ತಮ್ಮ ತಾಳ್ಮೆ ಒಂದು ಉಸಿರು ಹಿಡಿದು ಬಿಡುವಷ್ಟೇ ಉದ್ದವೆಂಬುದು ಅನುಭವದಿಂದ ಗೊತ್ತಿರುವುದರಿಂದ ನೇರವಾಗಿ ವಿಷಯಕ್ಕೆ ಬರುತ್ತೇನೆ. ನನ್ನ ಹೆಂಡತಿಯ ಡ್ರೈವಿಂಗ್ ಲೈಸೆನ್ಸು ಒಂದೇ ಒಂದು ಫೋಟೋಕ್ಕಾಗಿ, ಅದೂ ಫೋಟೋಗ್ರಾಫರನ ಮನೆಯಲ್ಲಿ, ತಮ್ಮ ದಯೆಯಿಂದ ತೂಗುಯ್ಯಾಲೆಯಾಡಿದ ಕಥೆಯನ್ನು ತಮ್ಮ ಗಮನಕ್ಕೆ ತರುವುದು ಈ ಪತ್ರದ ಉದ್ದೇಶ. ಬಹಿರಂಗವಾಗಿ ಏಕೆ ಬರೆಯುತ್ತಿದ್ದೇನೆಂದರೆ, ಖಾಸಗಿಯಾಗಿ ತಮಗೆ ನಾನು ಹೇಳಿದ ಮಾತುಗಳು ಅಚ್ಚು ಹಾಕುವಂಥವಲ್ಲ.

ತಾವು ನಮ್ಮ ಮನೆಗೆ ಉಡುಗೊರೆಯಾಗಿ ಬಂದವರು. ಹೊಸದೇನು ಕಂಡರೂ ಅದನ್ನು ಅಕ್ಕನ ಮನೆಯ ಗೋಡೆಗೆ ಮೊಳೆ ಹೊಡೆದು ಕೂರಿಸುವ ನನ್ನ ಭಾವಮೈದುನ ಒಂದು ರಜಾದಿನ ಬಂದು, ಒಳ್ಳೆಯ ಗುಂಡುಗುಂಡಾದ ಹಳೆಯ ಸ್ವಿಚ್ಚುಗಳನ್ನೆಲ್ಲ ಕಿತ್ತು, ತೂತುಗಳಿಗೆ ಗಾರೆ ಮೆತ್ತಿ, ಬಣ್ಣ ಬಳಿದು, ಇನ್ನು ಮುಂದೆ ದೀಪ ಹಚ್ಚಲು ಮನುಷ್ಯರು ಏಳಬೇಕಿಲ್ಲ, ಮನುಷ್ಯರನ್ನು ನೋಡಿ ದೀಪವೇ ಏಳುತ್ತದೆ ಎಂದು ಸಾರಿದ. ಎದ್ದ ದೀಪ ಎಷ್ಟು ಹೊತ್ತು ನಿಂತಿರಬೇಕು ಎಂಬುದನ್ನು ತನ್ನ ಫೋನಿನಲ್ಲಿ ಬರೆದು, ಅದಕ್ಕೊಂದು ಪಾಸ್‌ವರ್ಡ್ ಇಟ್ಟು, ಆ ಪಾಸ್‌ವರ್ಡನ್ನು ಬಸ್ ಹತ್ತುವ ಮೊದಲೇ ಮರೆತ. ದೀಪ ಹೋಗುತ್ತಿದೆಯಲ್ಲಪ್ಪಾ ಎಂದು ನಾನು ಫೋನು ಮಾಡಿದಾಗೆಲ್ಲ ಅವನು, ಅಳಿಯ ಅಲ್ಲ ಮಗಳ ಗಂಡ ಎಂಬಂತೆ, "ದೀಪ ಹೋಗ್ತಿಲ್ಲ ಭಾವ, ಕರೆಂಟ್ ಉಳಿತಾ ಇದೆ" ಎನ್ನುತ್ತಾನೆ. ತಮ್ಮನ್ನು ಗೋಡೆಯಿಂದ ಇಳಿಸಬಹುದಿತ್ತು, ಆದರೆ ಹೆಂಡತಿಯ ಒಬ್ಬನೇ ತಮ್ಮ ಕೊಟ್ಟ ಉಡುಗೊರೆಯನ್ನು ಇಳಿಸಿ ಬದುಕಿದ ಗಂಡಸು ನನಗಂತೂ ಗೊತ್ತಿಲ್ಲ.

ಈಗ ನನ್ನ ಕಸುಬಿನ ವಿಚಾರ. ಕೈಗೊಂದು ಫೋನು ಬಂದ ಮೇಲೆ ನಗುವ ಫೋಟೋ, ಕುಣಿಯುವ ಫೋಟೋ, ಊಟದ ತಟ್ಟೆಯ ಫೋಟೋ ಎಲ್ಲವನ್ನೂ ಜನ ತಾವೇ ತೆಗೆದುಕೊಳ್ಳುತ್ತಾರೆ. ನಮ್ಮಂಥವರಿಗೆ ಉಳಿದಿರುವುದು ನಗದ ಫೋಟೋ ಒಂದೇ: ಪಾಸ್‌ಪೋರ್ಟಿಗೆ, ಪರೀಕ್ಷೆಗೆ, ಗುರುತಿನ ಚೀಟಿಗೆ. ಅದು ಸುಲಭದ್ದೆಂದು ತಿಳಿಯಬೇಡಿ. ಮನುಷ್ಯ ಕುರ್ಚಿಯಲ್ಲಿ ಕೂತ ತಕ್ಷಣ ಅವನ ಮುಖ ಕೂರುವುದಿಲ್ಲ. ಅದು ಇನ್ನೂ ಬೀದಿಯಲ್ಲೇ ಇರುತ್ತದೆ, ಯಾರ ಜೊತೆಗೋ ಜಗಳ ಮುಗಿಸುತ್ತಿರುತ್ತದೆ. ನಾನು ಗದ್ದ ಎತ್ತಿಸಿ, ಭುಜ ಇಳಿಸಿ, "ಅಲ್ಲಾಡ್ಬೇಡಿ" ಎಂದು ಹೇಳಿ ಕಾಯುತ್ತೇನೆ. ಸ್ವಲ್ಪ ಹೊತ್ತಿಗೆ ಮುಖವೂ ಬಂದು ಕೂರುತ್ತದೆ. ಆ ಮನುಷ್ಯ ಆ ಕೋಣೆಯಲ್ಲಿ ಪೂರ್ತಿಯಾಗಿ ಇರುವುದು ಆ ಒಂದು ಕ್ಷಣದಲ್ಲಿ ಮಾತ್ರ. ಸರಿಯಾಗಿ ಆ ಕ್ಷಣಕ್ಕೇ ತಾವು ಯಾರೂ ಇಲ್ಲವೆಂದು ನಿರ್ಧರಿಸಿ ದೀಪ ಆರಿಸುತ್ತೀರಿ.

ಇಷ್ಟು ನಿಖರತೆ ನನಗೆ ಈ ವಯಸ್ಸಿನಲ್ಲೂ ಬಂದಿಲ್ಲ ಎಂದು ಹೊಟ್ಟೆಕಿಚ್ಚಿನಿಂದಲೇ ಒಪ್ಪುತ್ತೇನೆ. ತಾವು ಬಂದ ವಾರದಲ್ಲೇ ದೊಡ್ಡದೊಂದು ಕುಟುಂಬ ಗುಂಪು ಫೋಟೋಕ್ಕೆ ಬಂದಿತ್ತು. ಮಕ್ಕಳ ಕೈ ಹಿಡಿಸಿ, ಎತ್ತರದವರನ್ನು ಬಗ್ಗಿಸಿ, ಮುನಿಸಿಕೊಂಡಿದ್ದ ಇಬ್ಬರು ವಾರಗಿತ್ತಿಯರನ್ನು ಪಕ್ಕಪಕ್ಕ ನಿಲ್ಲಿಸಿ, ಎಲ್ಲರೂ ಉಸಿರು ಹಿಡಿದ ಹೊತ್ತಿಗೆ ಕತ್ತಲಾಯಿತು, ನನ್ನ ಜೇಬಿನ ಫೋನು ಟಿಣ್ ಎಂದಿತು: "ಕೋಣೆ ಖಾಲಿ ಇದೆ. ದೀಪಗಳನ್ನು ಆರಿಸಲಾಗಿದೆ." ಕುಟುಂಬದ ಹಿರಿಯರು ಕತ್ತಲಲ್ಲೇ ಕೆಮ್ಮಿ, "ಹಾಗಾದ್ರೆ ನಾವೆಲ್ಲ ಯಾರಪ್ಪಾ?" ಎಂದು ಕೇಳಿದರು.

ತಮ್ಮನ್ನು ಒಲಿಸಿಕೊಳ್ಳಲು ನಾನು ಮಾಡದ ಉಪಾಯವಿಲ್ಲ. ಫ್ಯಾನು ತಿರುಗಿಸಿದೆ, ಲೋಲಕದ ಗಡಿಯಾರ ತೂಗುಹಾಕಿದೆ; ತಮಗೆ ಬರೀ ಚಲನೆ ಸಾಲದು, ಚಲಿಸುವುದಕ್ಕೆ ಮೈಯ ಬಿಸಿಯೂ ಬೇಕೆಂದು ಆಮೇಲೆ ತಿಳಿಯಿತು. ಅದಕ್ಕೆಂದೇ ಪಕ್ಕದ ಅಂಗಡಿಯ ಟೈಲರ್‌ನ ಬೆಕ್ಕನ್ನು ಕರೆತಂದು ಕ್ಯಾಮರಾದ ಹಿಂದೆ ಸ್ಟೂಲಿನ ಮೇಲೆ ನೇಮಿಸಿದೆ. ಅದು ಕೆಲಸ ಸಿಕ್ಕ ಸಂತೋಷಕ್ಕೆ ಅಲ್ಲೇ ಸುರುಳಿ ಸುತ್ತಿ ನಿದ್ದೆ ಹೋಯಿತು. ಕೊನೆಗೆ ಹೆಂಡತಿಯ ಮುಂದೆ ಕೈ ಮುಗಿದು, ನಾನು ಫೋಟೋ ತೆಗೆಯುವಾಗ ನನ್ನ ಬೆನ್ನ ಹಿಂದೆ ನಿಂತು ಸುಮ್ಮನೆ ಕೈ ಆಡಿಸುತ್ತಿರು ಮಾರಾಯ್ತಿ ಎಂದೆ. "ಸುಮ್‌ಸುಮ್ನೆ ಕೈ ಬೀಸೋಕೆ ನನಗೇನು ಹುಚ್ಚಾ? ಬೀಸಿದ್ರೆ ಏನಾದ್ರೂ ಉಪಯೋಗ ಆಗ್ಬೇಕು" ಎಂದಳು, ಆದರೆ ಬಂದು ನಿಂತಳು. ದೀಪವೂ ನಿಂತಿತು.

ನನಗೆ ಬೆನ್ನಿನಲ್ಲಿ ಕಣ್ಣಿಲ್ಲ. ಎದುರಿಗಿನ ಮುಖಗಳು ಮಾತ್ರ ಕಾಣುತ್ತವೆ. ಆ ಮುಖಗಳು ಆ ದಿನದಿಂದ ವಿಚಿತ್ರವಾಗಿ ವರ್ತಿಸತೊಡಗಿದವು. ಬ್ಯಾಂಕಿನ ಮ್ಯಾನೇಜರರೊಬ್ಬರು ಗಂಭೀರವಾಗಿ ಕೂತಿದ್ದವರು ಇದ್ದಕ್ಕಿದ್ದಂತೆ ತಿರುವಿನಲ್ಲಿ ಬಸ್ಸಿನ ಪ್ರಯಾಣಿಕ ವಾಲುವಂತೆ ಎಡಕ್ಕೆ ವಾಲಿದರು. ಪರೀಕ್ಷೆಗೆ ಅರ್ಜಿ ಹಾಕುವ ಹುಡುಗಿಯರ ಕಣ್ಣುಗಳು ಒಟ್ಟಾಗಿ ಎಡಕ್ಕೆ ಹೋಗಿ ಬಲಕ್ಕೆ ಬಂದವು. ನಾನು ತೆಗೆದ ಫೋಟೋಗಳೆಲ್ಲ "ದೃಷ್ಟಿ ನೇರವಾಗಿಲ್ಲ" ಎಂಬ ಷರಾ ಹೊತ್ತು ಕಚೇರಿಗಳಿಂದ ಹಿಂದಿರುಗಿದವು. ಕಡೆಗೆ ಟೈಲರೇ, ಬೆಕ್ಕನ್ನು ವಾಪಸ್ ಒಯ್ಯಲು ಬಂದವನು, ಬಾಯಿ ಬಿಟ್ಟ: "ಸಾರ್, ಹಿಂದೆ ಅಕ್ಕ ಗಾಡಿ ಓಡಿಸ್ತಾ ಇದಾರೆ."

ನಿಜವೇ ಆಗಿತ್ತು. ನಮ್ಮ ಬಾಗಿಲಲ್ಲಿ ಒಂದು ಹಳೆಯ ವ್ಯಾನಿದೆ. ಹೊರಗಿನ ಕೆಲಸಗಳಿಗೆಂದು ಕೊಂಡದ್ದು, ಡ್ರೈವರ್ ಬಿಟ್ಟುಹೋದ ಮೇಲೆ ಹೊದಿಕೆ ಹೊದ್ದು ಮಲಗಿತ್ತು, ನನಗೋ ಓಡಿಸಲು ಬಾರದು. ನನ್ನ ಹೆಂಡತಿ ಬೆಳಿಗ್ಗೆ ಡ್ರೈವಿಂಗ್ ಸ್ಕೂಲಿಗೆ ಹೋಗಿ ಕಲಿತ ಪಾಠವನ್ನೆಲ್ಲ ಹಗಲಿಡೀ ನನ್ನ ಬೆನ್ನ ಹಿಂದೆ, ಗಾಳಿಯ ಸ್ಟಿಯರಿಂಗ್ ಹಿಡಿದು, ಗಾಳಿಯ ಗೇರು ಬದಲಿಸಿ, ಭುಜದ ಮೇಲಿಂದ ಹಿಂತಿರುಗಿ ನೋಡಿ ರಿವರ್ಸ್ ತೆಗೆದು, ಅಭ್ಯಾಸ ಮಾಡುತ್ತಿದ್ದಳು. ತಿರುಗಬೇಡ, ನೆಟ್ಟಗೆ ಹೋಗು ಎಂದು ನಾನು ಬೇಡಿಕೊಂಡಾಗ, "ಯಾವ ರಸ್ತೆ ನೆಟ್ಟಗಿರತ್ತೆ, ತೋರ್ಸಿ" ಎಂದು ಕೇಳಿದಳು. ಆಮೇಲೆ ಒಂದು ಒಪ್ಪಂದವಾಯಿತು: ನಾನು ಬೆರಳೆತ್ತಿದರೆ ಕೆಂಪು ಸಿಗ್ನಲ್ ಬಿದ್ದಂತೆ, ಅವಳು ಗಾಡಿ ನಿಲ್ಲಿಸಿ ಕನ್ನಡಿ ನೋಡಿಕೊಂಡು ಕೂದಲು ಸರಿಮಾಡಿಕೊಳ್ಳಬೇಕು. ಕೂದಲು ಸರಿಮಾಡಿಕೊಳ್ಳುವ ಹೆಂಗಸನ್ನು ಯಾರಾದರೂ ನೆಟ್ಟಗೇ ನೋಡುತ್ತಾರೆ. ಫೋಟೋಗಳು ಪಾಸಾದವು. ಡ್ರೈವಿಂಗ್ ಪರೀಕ್ಷೆಯಲ್ಲಿ ಅವಳೂ ಮೊದಲ ಸಲಕ್ಕೇ ಪಾಸಾಗಿ ಬಂದು ವ್ಯಾನಿನ ಹೊದಿಕೆ ತೆಗೆದಳು. ಈ ಯಶಸ್ಸಿನಲ್ಲಿ ಗುರುಸ್ಥಾನ ತಮ್ಮದೆಂಬುದನ್ನು ಮರೆಯುವಷ್ಟು ಕೃತಘ್ನ ನಾನಲ್ಲ.

ಅಲ್ಲಿಂದ ಶುರುವಾಯಿತು ನಿಜವಾದ ಕಷ್ಟ. ಲೈಸೆನ್ಸಿಗೆ ಫೋಟೋ ಬೇಕು. ನನ್ನ ಹೆಂಡತಿ ಕ್ಯಾಮರಾ ಕಂಡರೆ ಕಣ್ಣು ಮುಚ್ಚುವವಳು. ಮದುವೆಯ ಫೋಟೋದಲ್ಲಿ ಮುಚ್ಚಿದ್ದಾಳೆ. ಮಗಳನ್ನು ಮೊದಲು ಎತ್ತಿಕೊಂಡ ಫೋಟೋದಲ್ಲಿ ಮಗು ಎಚ್ಚರವಾಗಿದೆ, ಇವಳು ಮಲಗಿದ್ದಾಳೆ. ಊರವರ ಮುಖಗಳಿಂದ ತುಂಬಿದ ನನ್ನ ಷೋಕೇಸಿನಲ್ಲಿ ಇವಳ ಮುಖವಿಲ್ಲದಿರುವುದಕ್ಕೆ, ದೀಪದ ಬುಡದಲ್ಲೇ ಕತ್ತಲೆ ಎಂದು ಜನ ಆಡಿಕೊಳ್ಳುವುದಕ್ಕೆ, ಇದೇ ಕಾರಣ. ಇದ್ದದ್ದರಲ್ಲಿ ಉತ್ತಮವಾದ ಒಂದು ಫೋಟೋ ಲಗತ್ತಿಸಿ ಕಳಿಸಿದೆ. ಕಚೇರಿಯ ಗುಮಾಸ್ತರು ಅದನ್ನು ಅವಳ ಕೈಗೇ ಹಿಂದಿರುಗಿಸಿ, "ಕಣ್ಣು ಮುಚ್ಕೊಂಡಿರೋರಿಗೆ ಗಾಡಿ ಓಡಿಸೋಕೆ ಹೇಗಮ್ಮ ಬಿಡೋದು?" ಎಂದರಂತೆ. ಸರದಿಯಲ್ಲಿದ್ದವರೆಲ್ಲ ನಕ್ಕರಂತೆ. ಅವಳು ಮನೆಗೆ ಬಂದು ವ್ಯಾನಿನ ಹೊದಿಕೆಯನ್ನು ಮತ್ತೆ ಎಳೆದು ಹೊದಿಸಿದಳು. ನನಗೆ ನನ್ನ ಕ್ಯಾಮರಾ ನೋಡಲೂ ನಾಚಿಕೆಯಾಯಿತು.

ಅವಳನ್ನು ಕುರ್ಚಿಯಲ್ಲಿ ಕೂರಿಸಿ, ಎಷ್ಟು ಹೊತ್ತಾದರೂ ಸರಿ ಮುಖ ಕೂರುವವರೆಗೆ ಕಾದು, ರೆಪ್ಪೆ ಎದ್ದ ಒಂದು ಗಳಿಗೆಯನ್ನು ಹಿಡಿದೇ ಹಿಡಿಯುತ್ತೇನೆಂದು ಹಟ ತೊಟ್ಟೆ. ಆದರೆ ಬೆನ್ನ ಹಿಂದೆ ಗಾಡಿ ಓಡಿಸುವವಳು ಈಗ ಕುರ್ಚಿಯಲ್ಲಿದ್ದಳು. ಅವಳು ಅಲ್ಲಾಡದೆ ಕೂತಳು, ತಾವು ದೀಪ ಆರಿಸಿದಿರಿ. ನಾನು ಕೈ ಬೀಸಿದೆ, ದೀಪ ಭಗ್ಗನೆ ಹೊತ್ತಿತು, ಆ ಬೆಳಕಿಗೆ ಅವಳು ಕಣ್ಣು ಮುಚ್ಚಿದಳು. ಮತ್ತೆ ಕೂತಳು, ಮತ್ತೆ ಆರಿತು, ಮತ್ತೆ ಬೀಸಿದೆ, ಮತ್ತೆ ಮುಚ್ಚಿದಳು. ಹುಟ್ಟಿನಿಂದ ಬಂದ ಅವಳ ಚಾಳಿಗೆ ತಾವು ಹೀಗೆ ಬೆಂಬಲ ಕೊಟ್ಟದ್ದು ನ್ಯಾಯವೇ? "ಬಿಡಿ, ನನ್ನ ಹಣೇಲಿ ಬರೆದಿಲ್ಲ" ಎಂದು ಎದ್ದವಳನ್ನು ತಡೆದು, ಕ್ಯಾಮರಾದ ರಿಮೋಟನ್ನು ಮುಷ್ಟಿಯಲ್ಲಿ ಅಡಗಿಸಿಕೊಂಡು, ಅವಳು ನಿಲ್ಲುತ್ತಿದ್ದ ಜಾಗಕ್ಕೆ ನಾನೇ ಹೋಗಿ ನಿಂತೆ. ಮಾನ ಬಿಟ್ಟು ಗಾಡಿ ಶುರುಮಾಡಿದೆ.

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಓಡಿಸಲಾರದ ನನಗೆ ದೂರಲು ನೆಲವೂ ಇರಲಿಲ್ಲ, ಗಾಡಿಯೂ ಇರಲಿಲ್ಲ. ಎರಡೂ ಕೈಯಿಂದ ಗೇರು ಹಾಕಿದೆ. ಸ್ಟಿಯರಿಂಗನ್ನು ಬಾವಿಯ ರಾಟೆಯಂತೆ ತಿರುಗಿಸಿದೆ. ಕನ್ನಡಿ ಇರಬೇಕಾದ ಕಡೆ ನೋಡದೆ ತಮ್ಮ ಕಡೆ ನೋಡುತ್ತ, ವೇಗ ಹೆಚ್ಚಿಸುತ್ತ, ಸೀದಾ ಗೋಡೆಯತ್ತ ನುಗ್ಗಿದೆ. ಮಾನ್ಯರೇ, ಲೈಸೆನ್ಸಿನ ಪರೀಕ್ಷೆ ಪಾಸಾದ ಯಾವ ಮನುಷ್ಯನೂ ಅದನ್ನು ಕಣ್ಣು ಮುಚ್ಚಿಕೊಂಡು ಸಹಿಸಲಾರ. ಅವಳ ಎರಡೂ ಕಣ್ಣು ಅರಳಿದವು. ಬಲಗಾಲು ಇಲ್ಲದ ಬ್ರೇಕನ್ನು ನೆಲಕ್ಕೆ ಒತ್ತಿತು. "ಬ್ರೇಕ್! ಬ್ರೇಕ್ ಹಾಕ್ರೀ!" ಎಂಬ ಕೂಗು ಗಂಟಲಿನಿಂದ ತುಟಿಗೆ ಬರುವುದರೊಳಗೆ ನಾನು ಗುಂಡಿ ಒತ್ತಿದೆ.

ಆ ಫೋಟೋದಲ್ಲಿ ತುಟಿ ಮುಚ್ಚಿದೆ, ಕಣ್ಣು ತೆರೆದಿದೆ. ಅವಳ ಕಣ್ಣುಗಳನ್ನು ನಾನು ದಿನಾ ನೋಡಿದ್ದೇನೆ, ಕಾಗದದ ಮೇಲೆ ನೋಡಿದ್ದು ಅದೇ ಮೊದಲು. ನನಗೆ ಅಳು ಬಂತು. ನಾನು ಗೋಡೆಗೆ ಗುದ್ದಿದ್ದಕ್ಕೆ ಪೆಟ್ಟಾಯಿತೇನೋ ಎಂದು ಅವಳು ನನ್ನ ಹಣೆ ಮುಟ್ಟಿ ನೋಡಿದಳು. ಗುಮಾಸ್ತರು ಮರುಮಾತಿಲ್ಲದೆ ಠಸ್ಸೆ ಒತ್ತಿದರು. ಲೈಸೆನ್ಸು ಬಂತು. ವ್ಯಾನಿನ ಹೊದಿಕೆ ಈಗ ಹಿತ್ತಲಲ್ಲಿ ಒಣಗುತ್ತಿದೆ. ಮೊನ್ನೆ ಅವಳ ಪಕ್ಕದ ಸೀಟಿನಲ್ಲಿ ಕೂತು ಮುಖ್ಯರಸ್ತೆಯವರೆಗೆ ಹೋಗಿ ಬಂದೆ. ಕಣ್ಣು ಮುಚ್ಚುವ ಸರದಿ ಈಗ ನನ್ನದು.

ಆದ್ದರಿಂದ ತಮ್ಮಲ್ಲಿ ನನ್ನ ಕೋರಿಕೆಗಳು ಅಲ್ಪವಾಗಿವೆ. ತಾವು ಒಮ್ಮೆ ಗೋಡೆಯಿಂದ ಇಳಿದು ನನ್ನ ಕುರ್ಚಿಯಲ್ಲಿ ಕೂತು ಒಂದು ಫೋಟೋ ತೆಗೆಸಿಕೊಳ್ಳಬೇಕು. ಅಲ್ಲಾಡದೆ ಇರುವುದಕ್ಕೆ ಎಷ್ಟು ಜೀವ ಬೇಕಾಗುತ್ತದೆ ಎಂಬುದು ಆಗ ತಮಗೆ ತಿಳಿಯುತ್ತದೆ. ಉಸಿರು ಹಿಡಿದವನನ್ನೂ ಉಸಿರು ನಿಂತವನನ್ನೂ ಬೇರೆಬೇರೆಯಾಗಿ ಪರಿಗಣಿಸುವ ಔದಾರ್ಯ ತೋರಬೇಕು. ಇದ್ಯಾವುದೂ ಆಗದಿದ್ದರೆ, ನನ್ನ ಭಾವಮೈದುನನ ಮನೆಗೆ ವರ್ಗ ಮಾಡಿಸಿಕೊಂಡು, ಅವನು ಗಡ್ಡ ಹೆರೆದುಕೊಳ್ಳುವ ಕನ್ನಡಿಯ ಮೇಲೆ ಅಧಿಕಾರ ವಹಿಸಿಕೊಂಡು, ಕತ್ತಿ ಗಂಟಲ ಹತ್ತಿರ ಬಂದಾಗಲೆಲ್ಲ ಇದೇ ನಿಷ್ಠೆಯಿಂದ ಕರೆಂಟು ಉಳಿಸಬೇಕೆಂದು ಸವಿನಯವಾಗಿ ಪ್ರಾರ್ಥಿಸುತ್ತೇನೆ.

ಒಂದು ಕೈಯಲ್ಲಿ ಬರೆಯುತ್ತ, ಇನ್ನೊಂದು ಕೈಯನ್ನು ತಮ್ಮತ್ತ ಬೀಸುತ್ತಿರುವ,

ತಮ್ಮ ವಿಶ್ವಾಸಿ,
ಮುಂಗೋಣೆಯ ಛಾಯಾಗ್ರಾಹಕ

ತಾ.ಕ.: ನನ್ನ ಹೆಂಡತಿ ಇವತ್ತು ಮೊದಲ ಬಾರಿಗೆ ಒಬ್ಬಳೇ ವ್ಯಾನು ತೆಗೆದುಕೊಂಡು ಹೋಗಿದ್ದಾಳೆ, ಎಲ್ಲಿಗೆಂದು ಹೇಳಲಿಲ್ಲ, ನಾನೂ ಕೇಳಲಿಲ್ಲ. ರುಜು ಹಾಕಿ, ಕೈ ಇಳಿಸಿ, ಬೀದಿಯ ಸದ್ದಿಗೆ ಕಿವಿ ಕೊಟ್ಟು ಸುಮ್ಮನೆ ಕೂತಿದ್ದೆ. ತಾವು ದೀಪ ಆರಿಸಿ, ಮನೆಯಲ್ಲಿ ಯಾರೂ ಇಲ್ಲವೆಂದು ಫೋನಿಗೆ ವರದಿ ಕಳಿಸಿದಿರಿ. ಸೇವೆಗೆ ಸೇರಿದಂದಿನಿಂದ ತಾವು ಸಲ್ಲಿಸಿದ ವರದಿಗಳಲ್ಲಿ ಸರಿಯಾದದ್ದು ಇದೊಂದೇ.